ಕೊಂದವರ ಹೆಸರು ಕಡತಕ್ಕೆ ಬಂದರೆ ಯಾರಿಗೆ ಏನು ಸಿಗುತ್ತದೆ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಬುಕರ್ ಸ್ಪೈಸ್ಲಿ ಅಮೆರಿಕದ ಸೇನೆಯಲ್ಲಿದ್ದ ಕಪ್ಪು ಸೈನಿಕ. 1944ರ ಜುಲೈ 8ರಂದು ನಾರ್ತ್ ಕೆರೊಲಿನಾದ ಡರ್ಹ್ಯಾಮ್‌ನಲ್ಲಿ ಸಿಟಿ ಬಸ್ಸು ಹತ್ತಿದ್ದ. ಬಿಳಿಯ ಸೈನಿಕರು ಹತ್ತಿದಾಗ ಚಾಲಕ ಇವನನ್ನು ಹಿಂದಕ್ಕೆ ಹೋಗೆಂದ. ಸ್ಪೈಸ್ಲಿ ತಕರಾರು ತೆಗೆದ, ಆದರೆ ಕೊನೆಗೆ ಹಿಂದಕ್ಕೆ ಹೋದ. ಇಳಿಯುವಾಗ ಕ್ಷಮೆಯನ್ನೂ ಕೇಳಿದ. ಚಾಲಕ ಅವನ ಹಿಂದೆಯೇ ಇಳಿದು ಗುಂಡು ಹಾರಿಸಿ ಕೊಂದ. ಬಿಳಿಯರೇ ತುಂಬಿದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಚಾಲಕನನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು.

ಇಂತಹ ಪ್ರಕರಣಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿದ ಸಂಗ್ರಹವೊಂದು 2022ರಿಂದ ಎಲ್ಲರಿಗೂ ತೆರೆದಿದೆ. ಬರ್ನ್‌ಹ್ಯಾಮ್–ನೋಬಲ್ಸ್ ಡಿಜಿಟಲ್ ಸಂಗ್ರಹ ಎಂದು ಹೆಸರು. ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ಮಾರ್ಗರೆಟ್ ಬರ್ನ್‌ಹ್ಯಾಮ್ ಮತ್ತು ರಾಜ್ಯಶಾಸ್ತ್ರಜ್ಞೆ ಮೆಲಿಸ್ಸಾ ನೋಬಲ್ಸ್ ಸೇರಿ ಕಟ್ಟಿದ್ದು. 1930ರಿಂದ 1954ರ ನಡುವೆ ದಕ್ಷಿಣದ ರಾಜ್ಯಗಳಲ್ಲಿ ಜನಾಂಗದ್ವೇಷಕ್ಕೆ ಬಲಿಯಾದ ಸುಮಾರು ಒಂದು ಸಾವಿರ ಕಪ್ಪುಜನರ ಪ್ರಕರಣಗಳು ಅದರಲ್ಲಿವೆ. ಮರಣ ಪ್ರಮಾಣಪತ್ರ, ಶವತನಿಖೆಯ ವರದಿ, ಕಪ್ಪುಜನರೇ ನಡೆಸುತ್ತಿದ್ದ ಪತ್ರಿಕೆಗಳ ಸುದ್ದಿ, ನ್ಯಾಯ ಇಲಾಖೆಯ ಪತ್ರವ್ಯವಹಾರ, ಜೊತೆಗೆ ಕಾನೂನು ವಿದ್ಯಾರ್ಥಿಗಳು ಊರೂರು ತಿರುಗಿ ಕುಟುಂಬಗಳಿಂದ ಪಡೆದ ಹೇಳಿಕೆಗಳು.

ಇದರ ಗುರಿ ಬರಿಯ ಇತಿಹಾಸ ಬರೆಯುವುದಲ್ಲ, ಮುರಿದದ್ದನ್ನು ಸರಿಪಡಿಸುವ ನ್ಯಾಯ ಎಂದು ಅವರು ಹೇಳಿಕೊಳ್ಳುತ್ತಾರೆ. ಕೊಂದವನಿಗೆ ಶಿಕ್ಷೆ ಕೊಡಿಸುವ ಕಾಲ ಮುಗಿದಿದೆ. ಹಾಗಿರುವಾಗ ಸಂಗ್ರಹವೊಂದು ಯಾವ ನ್ಯಾಯ ಕೊಡಿಸಬಲ್ಲದು? ಇಲ್ಲಿರುವವರಲ್ಲಿ ಕೋರ್ಟು ಕಚೇರಿಯ ಅನುಭವ ಇರುವವರೂ ಇದ್ದೀರಿ, ಇತಿಹಾಸ ಓದಿದವರೂ ಇದ್ದೀರಿ. ಸಮಾಧಾನದ ಮಾತು ಬೇಡ, ನಿಜವಾಗಿ ಏನನ್ನಿಸುತ್ತದೆಯೋ ಅದನ್ನು ಬರೆಯಿರಿ.

ನೇರನುಡಿ

ಏನೂ ಕೊಡಿಸುವುದಿಲ್ಲ. ಹಳೆಯ ನಾಗರಿಕ ಹಕ್ಕು ಕೊಲೆಗಳನ್ನು ಮತ್ತೆ ತನಿಖೆ ಮಾಡಲೆಂದೇ ಅಮೆರಿಕದ ಸಂಸತ್ತು 2008ರಲ್ಲಿ, 1955ರಲ್ಲಿ ಕೊಲೆಯಾದ ಕಪ್ಪು ಹುಡುಗ ಎಮೆಟ್ ಟಿಲ್ ಹೆಸರಿನಲ್ಲಿ ಕಾಯ್ದೆ ಮಾಡಿತು. ನೂರಕ್ಕೂ ಹೆಚ್ಚು ಪ್ರಕರಣ ತಿರುವಿ ಹಾಕಿದರು. ಹೆಚ್ಚಿನವುಗಳಲ್ಲಿ ಬಂದ ಉತ್ತರ ಒಂದೇ: ಆರೋಪಿ ಸತ್ತಿದ್ದಾನೆ, ಸಾಕ್ಷಿ ಸತ್ತಿದ್ದಾನೆ, ಕಡತ ಮುಚ್ಚಲಾಗಿದೆ. ಲಿಂಚಿಂಗ್ ಅನ್ನು, ಅಂದರೆ ವಿಚಾರಣೆಯಿಲ್ಲದೆ ಗುಂಪು ಸೇರಿ ಕೊಲ್ಲುವುದನ್ನು, ಒಕ್ಕೂಟದ ಮಟ್ಟದಲ್ಲಿ ಅಪರಾಧ ಎಂದು ಸಾರಲು 2022ರವರೆಗೆ ಕಾದ ದೇಶ ಅದು. ಈಗ ಕಾಗದ ಜೋಡಿಸಿ ನ್ಯಾಯ ಎಂದು ಕರೆಯುವುದು ಕಣ್ಣೊರೆಸುವ ಕೆಲಸ. ಜೊತೆಗೆ ಕೊಂದವನ ಮೊಮ್ಮಗ ಇವತ್ತು ಅದೇ ಊರಿನಲ್ಲಿ ಅಂಗಡಿ ಇಟ್ಟುಕೊಂಡಿರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಯಾವ ನ್ಯಾಯ?

ಹಳೇ ಶಿರಸ್ತೇದಾರ

ನೇರನುಡಿಯವರೇ, ನಾನು ಕೆಲಸ ಮಾಡಿದ್ದು ನ್ಯಾಯಾಲಯದ ರೆಕಾರ್ಡ್ ರೂಮಿನಲ್ಲಿ. ‘ಕಾಗದ ತಾನೇ’ ಎನ್ನುವವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಕಾಗದ ಸುಮ್ಮನೆ ಬಿದ್ದಿರುವುದಿಲ್ಲ, ಸುಳ್ಳು ಹೇಳುತ್ತಲೇ ಇರುತ್ತದೆ.

ನಮ್ಮಲ್ಲಿ ಪೊಲೀಸರು ‘ಸಿ ರಿಪೋರ್ಟ್’ ಹಾಕುತ್ತಾರೆ. ಅಪರಾಧ ನಡೆದದ್ದು ಹೌದು, ಮಾಡಿದವರು ಪತ್ತೆಯಾಗಲಿಲ್ಲ ಎಂದು ಅದರ ಅರ್ಥ. ಅಮೆರಿಕದ ದಕ್ಷಿಣದಲ್ಲಿ ಶವತನಿಖೆ ಮಾಡುತ್ತಿದ್ದ ಕರೋನರ್ ಜ್ಯೂರಿಗಳು ಬರೆಯುತ್ತಿದ್ದ ಷರಾ ಇದಕ್ಕೆ ಅಣ್ಣ: ‘ಗುರುತು ತಿಳಿಯದವರ ಕೈಯಿಂದ ಸಾವು’. ನಡುಹಗಲು, ಊರಿನ ಚೌಕ, ನೂರಾರು ಜನ ನೋಡಿದ್ದಾರೆ, ಮಾಡಿದವರ ಹೆಸರು ಮಕ್ಕಳಿಗೂ ಗೊತ್ತು, ಷರಾ ಮಾತ್ರ ಅದೇ. ಆ ಷರಾ ಇವತ್ತಿಗೂ ಸರ್ಕಾರಿ ಕಪಾಟಿನಲ್ಲಿ ಸರ್ಕಾರದ ಮೊಹರಿನೊಂದಿಗೆ ಕುಳಿತಿದೆ. ಅದನ್ನು ತಿದ್ದುವವರೆಗೂ ಸರ್ಕಾರ ಅದೇ ಮಾತನ್ನು ಆಡುತ್ತಿದೆ ಎಂದೇ ಲೆಕ್ಕ.

1955ರ ಅಕ್ಟೋಬರ್‌ನಲ್ಲಿ ಪೂರ್ವ ಟೆಕ್ಸಾಸ್‌ನ ಮೇಫ್ಲವರ್ ಎಂಬ ಸಣ್ಣ ಊರಿನಲ್ಲಿ ಜಾನ್ ಅರ್ಲ್ ರೀಸ್ ಎಂಬ 16ರ ಹುಡುಗ ಕೆಫೆಯಲ್ಲಿದ್ದ. ಇಬ್ಬರು ಬಿಳಿಯರು ಕಾರಿನಲ್ಲಿ ಹೋಗುತ್ತ ಗುಂಡು ಹಾರಿಸಿದರು, ಹುಡುಗ ಸತ್ತ. ಅಪರಾಧ ಸಾಬೀತಾಗಿಯೂ ಶಿಕ್ಷೆ ಅಮಾನತಾಯಿತು, ಯಾರೂ ಜೈಲಿಗೆ ಹೋಗಲಿಲ್ಲ. ಮರಣ ಪ್ರಮಾಣಪತ್ರದಲ್ಲಿ ಬರೆದದ್ದು ಆಕಸ್ಮಿಕ ಸಾವು ಎಂದು! ತುಂಗಾತೀರ ಹೇಳಿದ ಅದೇ ಕಾನೂನು ಶಾಲೆಯ ತಂಡ ದಶಕಗಳ ನಂತರ ಬೆನ್ನು ಹತ್ತಿ ಅದನ್ನು ನರಹತ್ಯೆ ಎಂದು ತಿದ್ದಿಸಿತು. ಅಲ್ಲಿನ ರಸ್ತೆಯೊಂದಕ್ಕೆ ಹುಡುಗನ ಹೆಸರೂ ಬಂತು.

ರಸ್ತೆಯ ಹೆಸರು ನನಗೆ ದೊಡ್ಡದಲ್ಲ, ಪುರಸಭೆಗಳು ದಿನಬೆಳಗಾದರೆ ರಸ್ತೆಗೆ ಹೆಸರಿಡುತ್ತವೆ. ಆದರೆ ಮರಣ ಪ್ರಮಾಣಪತ್ರದಲ್ಲಿ ಒಂದು ಕಲಂ ತಿದ್ದಿಸುವುದು ಎಷ್ಟು ಕಷ್ಟ ಎಂದು ತಂದೆಯ ಹೆಸರಿನ ಒಂದಕ್ಷರ ಸರಿಪಡಿಸಲು ಅಲೆದವರನ್ನು ಕೇಳಿ. ಸಾವಿನ ಕಾರಣವನ್ನೇ ತಿದ್ದಿಸಬೇಕಾದರೆ ಕೈಯಲ್ಲಿ ಎಷ್ಟು ಗಟ್ಟಿ ಕಡತ ಇರಬೇಕು ಯೋಚಿಸಿ. ಸಂಗ್ರಹ ಬೇಕಾಗುವುದು ಅಲ್ಲಿ.

ಇತಿಹಾಸದ ಮೇಷ್ಟ್ರು

ಶಿರಸ್ತೇದಾರರ ಮಾತಿಗೆ ಹಿಂದಿನ ಒಂದು ಅಧ್ಯಾಯ ಸೇರಿಸುತ್ತೇನೆ. ಈ ಕೆಲಸ 2022ರಲ್ಲಿ ಹುಟ್ಟಿದ್ದಲ್ಲ.

1892ರಲ್ಲಿ ಮೆಂಫಿಸ್‌ನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದ ಥಾಮಸ್ ಮಾಸ್ ಮತ್ತು ಇಬ್ಬರು ಜೊತೆಗಾರರನ್ನು ಜೈಲಿನಿಂದ ಎಳೆದೊಯ್ದು ಕೊಂದರು. ಬಿಳಿಯನ ಅಂಗಡಿಯ ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದೇ ಜಗಳದ ಮೂಲ. ಮಾಸ್‌ನ ಗೆಳತಿ ಐಡಾ ಬಿ. ವೆಲ್ಸ್ ಪತ್ರಕರ್ತೆ. ಹೆಂಗಸರ ಮಾನ ಕಾಯಲು ಲಿಂಚಿಂಗ್ ಮಾಡುತ್ತೇವೆ ಎಂಬ ಸಮರ್ಥನೆ ಸುಳ್ಳು ಎಂದು ಆಕೆ ಬರೆದಾಗ ಅವರ ಪತ್ರಿಕೆಯ ಕಚೇರಿಯನ್ನು ಧ್ವಂಸ ಮಾಡಿದರು. ಆಕೆ ಊರಿಗೆ ಮರಳಲಾಗಲಿಲ್ಲ. 1895ರಲ್ಲಿ ಹೊರತಂದ ವರದಿಯಲ್ಲಿ ವೆಲ್ಸ್ ಜಾಣತನದ ಕೆಲಸ ಮಾಡಿದರು. ತಮ್ಮವರ ಲೆಕ್ಕ ಕೊಟ್ಟರೆ ಯಾರೂ ನಂಬುವುದಿಲ್ಲ ಎಂದು ಗೊತ್ತಿತ್ತು. ಬಿಳಿಯರ ಪತ್ರಿಕೆಯಾದ ಚಿಕಾಗೊ ಟ್ರಿಬ್ಯೂನ್ ಪ್ರಕಟಿಸಿದ ಅಂಕಿಗಳನ್ನೇ ಎತ್ತಿಕೊಂಡು, ಆರೋಪ ಏನಿತ್ತು ಎಂಬುದರ ಪ್ರಕಾರ ವಿಂಗಡಿಸಿ ಮುಂದಿಟ್ಟರು. ಅತ್ಯಾಚಾರದ ಆರೋಪವೇ ಇಲ್ಲದ ಕೊಲೆಗಳು ಎಷ್ಟಿವೆ ಎಂದು ಆ ಅಂಕಿಗಳೇ ಹೇಳಿದವು.

ನಂತರ ಅಲಬಾಮಾದಲ್ಲಿ ಕಪ್ಪುಜನರ ವಿದ್ಯಾಸಂಸ್ಥೆಯಾದ ಟಸ್ಕೀಗೀ ಲೆಕ್ಕ ಇಟ್ಟಿತು. 1882ರಿಂದ 1968ರವರೆಗೆ 4,743 ಲಿಂಚಿಂಗ್‌ಗಳು, ಸತ್ತವರಲ್ಲಿ 3,446 ಮಂದಿ ಕಪ್ಪುಜನರು. ಎಲ್ಲ ಪಠ್ಯಪುಸ್ತಕಗಳೂ ಉಲ್ಲೇಖಿಸುವ ಸಂಖ್ಯೆ ಇದು. ನನ್ನ ತಕರಾರು ಇರುವುದು ಇಲ್ಲೇ. ಲಿಂಚಿಂಗ್ ಎನ್ನಬೇಕಾದರೆ ಕನಿಷ್ಠ ಮೂವರ ಗುಂಪು ಕೊಂದಿರಬೇಕು ಎಂಬ ವ್ಯಾಖ್ಯೆ ರೂಢಿಯಾಯಿತು. ಸ್ಪೈಸ್ಲಿಯನ್ನು ಕೊಂದದ್ದು ಒಬ್ಬನೇ ಚಾಲಕ. ಆ ಲೆಕ್ಕದಲ್ಲಿ ಅವನು ಬರುವುದೇ ಇಲ್ಲ. ಒಬ್ಬ ಷೆರೀಫ್ ಕೊಂದರೂ ಇಲ್ಲ, ಒಬ್ಬ ಜಮೀನ್ದಾರ ಕೊಂದರೂ ಇಲ್ಲ. ವರ್ಷದಿಂದ ವರ್ಷಕ್ಕೆ ಲಿಂಚಿಂಗ್ ಇಳಿಯುತ್ತಿದೆ ಎಂದು 1930ರ ನಂತರ ದಕ್ಷಿಣದ ರಾಜ್ಯಗಳು ಬೆನ್ನು ತಟ್ಟಿಕೊಳ್ಳುತ್ತಿದ್ದಾಗ ಗುಂಪು ಮಾಡುತ್ತಿದ್ದುದನ್ನು ಒಬ್ಬೊಬ್ಬರೇ ಮಾಡತೊಡಗಿದ್ದರು. ಹಲವು ಊರುಗಳಲ್ಲಿ ಆಸನ ಬೇರ್ಪಡಿಸಲು ಬಸ್ ಚಾಲಕರಿಗೇ ಪೊಲೀಸರ ಅಧಿಕಾರವಿತ್ತು. ಬರ್ನ್‌ಹ್ಯಾಮ್ ಅವರ ಸಂಗ್ರಹ ಗುಂಪಿನ ಷರತ್ತನ್ನು ಕಿತ್ತುಹಾಕಿತು. ನನಗೆ ಅವರ ಕಾಗದಗಳಿಗಿಂತ ಆ ಒಂದು ತೀರ್ಮಾನ ಮುಖ್ಯ ಎನಿಸುತ್ತದೆ.

ಬೆಳಗಾವಿ ಓದುಗ

ಮೇಷ್ಟ್ರೇ, ಮೂವರ ಷರತ್ತು ಗೊತ್ತೇ ಇರಲಿಲ್ಲ. ಪಾಠ ಮಾಡುವಾಗ ಆ ಅಂಕಿಯನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ.

ಅಟ್ಲಾಂಟಾದಿಂದ

ನಾನಿರುವಲ್ಲಿಂದ ಅಲಬಾಮಾದ ಮಾಂಟ್ಗೊಮರಿ ಕಾರಿನಲ್ಲಿ ಹೋಗಿಬರುವ ದೂರ. ವಕೀಲ ಬ್ರಯಾನ್ ಸ್ಟೀವನ್ಸನ್ ಅವರ ಸಂಸ್ಥೆ 2018ರಲ್ಲಿ ತೆರೆದ, ಲಿಂಚಿಂಗ್‌ಗೆ ಬಲಿಯಾದವರ ಸ್ಮಾರಕ ಅಲ್ಲಿದೆ. ಎಂಟುನೂರಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಒಂದು ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಒಂದು. ಮೊದಲು ಅವು ನೆಲದ ಮೇಲೆ ನಮ್ಮೆತ್ತರಕ್ಕೆ ನಿಂತಿರುತ್ತವೆ, ಹೆಸರುಗಳನ್ನು ಎದುರೆದುರೇ ಓದಬಹುದು. ಮುಂದೆ ಹೋದಂತೆ ನೆಲ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗುತ್ತವೆ, ಕತ್ತೆತ್ತಿದರೂ ಹೆಸರು ಓದಲಾಗುವುದಿಲ್ಲ. ಕೆಲವು ಕಡೆ ಹೆಸರಿನ ಜಾಗದಲ್ಲಿ ‘ಅಜ್ಞಾತ’ ಎಂದಿದೆ.

ಹೊರಗೆ ಅದೇ ಕಂಬಗಳ ಪ್ರತಿರೂಪಗಳು ಸಾಲಾಗಿ ಮಲಗಿವೆ. ಆಯಾ ಕೌಂಟಿಯವರು ಬಂದು ತಮ್ಮದನ್ನು ಒಯ್ದು ತಮ್ಮೂರಿನಲ್ಲಿ ನಿಲ್ಲಿಸಲಿ ಎಂಬುದು ಯೋಜನೆ. ಯಾರು ಒಯ್ದಿಲ್ಲ ಎಂಬುದು ಬಂದವರಿಗೆಲ್ಲ ಕಾಣುತ್ತದೆ. ಅದಂತೂ ಒಳ್ಳೆಯ ಚುರುಕು ಮುಟ್ಟಿಸುವ ಉಪಾಯ.

ಅದೇ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಜಾಡಿಗಳ ಕಪಾಟುಗಳಿವೆ. ಕೊಲೆ ನಡೆದ ಜಾಗಕ್ಕೆ ಹೋಗಿ ಕುಟುಂಬದವರು, ಊರವರು ಅಗೆದು ತುಂಬಿದ ಮಣ್ಣು. ಪ್ರತಿ ಜಾಡಿಯ ಮೇಲೆ ಹೆಸರು, ಊರು, ದಿನಾಂಕ. ಒಂದರಲ್ಲಿ ಕೆಮ್ಮಣ್ಣು, ಪಕ್ಕದ್ದರಲ್ಲಿ ಎರೆಮಣ್ಣಿನಂತಹ ಕಪ್ಪು, ಇನ್ನೊಂದರಲ್ಲಿ ಮರಳು, ಕೆಲವದರಲ್ಲಿ ಬೇರಿನ ಚೂರುಗಳು. ನೇರನುಡಿಯವರು ಕಣ್ಣೊರೆಸುವುದು ಎನ್ನುತ್ತಾರೆ. ಆ ಮಣ್ಣು ತರಲು ಮೊದಲು ‘ಇದೇ ಜಾಗ’ ಎಂದು ಯಾರಾದರೂ ತೋರಿಸಬೇಕು. ಅದನ್ನು ತೋರಿಸುವುದು ಕಡತ.

ಗಣಕಿಗ

ನಾನು ದತ್ತಾಂಶ ಸಂಗ್ರಹಗಳನ್ನು ಕಟ್ಟುವ ಕೆಲಸದವನು. ಭಾವನೆಯ ಮಾತು ಸಾಕಷ್ಟಾಯಿತು, ಎರಡು ಕಷ್ಟದ ಪ್ರಶ್ನೆಗಳನ್ನು ಇಡುತ್ತೇನೆ.

ಫೋಟೊಗಳು. ಲಿಂಚಿಂಗ್‌ನ ಫೋಟೊಗಳನ್ನು ಆ ಕಾಲದಲ್ಲಿ ಪೋಸ್ಟ್‌ಕಾರ್ಡ್ ಮಾಡಿ ಮಾರುತ್ತಿದ್ದರು, ನೆಂಟರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅವು ಸಾಕ್ಷ್ಯ ನಿಜ, ಏಕೆಂದರೆ ಶವದ ಸುತ್ತ ನಗುತ್ತ ನಿಂತವರ ಮುಖ ಸ್ಪಷ್ಟವಾಗಿ ಕಾಣುತ್ತದೆ. ಅದರ ಮುಂದೆ ‘ಗುರುತು ತಿಳಿಯದವರು’ ಎಂಬ ಷರಾ ನಿಲ್ಲುವುದಿಲ್ಲ. ಆದರೆ ಅದೇ ಚಿತ್ರವನ್ನು ಮೊದಲ ಪುಟದಲ್ಲಿ ಹಾಕಿದರೆ ಪೋಸ್ಟ್‌ಕಾರ್ಡ್ ಮಾರಿದವನಿಗೂ ನಮಗೂ ಏನು ವ್ಯತ್ಯಾಸ? ನನ್ನ ಮಟ್ಟಿಗೆ, ಚಿತ್ರವಿದೆ ಎಂಬ ವಿವರಣೆ ಎಲ್ಲರಿಗೂ ಕಾಣಬೇಕು, ಚಿತ್ರ ಕೇಳಿದವರಿಗೆ ಮಾತ್ರ, ಮೊದಲ ಮಾತು ಕುಟುಂಬದ್ದು.

ಆಮೇಲೆ ಹೆಸರುಗಳು. ಸತ್ತವರ ಹೆಸರು ಒಂದು ಪತ್ರಿಕೆಯಲ್ಲಿ ಒಂದು ಬಗೆ, ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ. ಕಪ್ಪುಜನರ ಹೆಸರನ್ನು ಸರಿಯಾಗಿ ಬರೆದುಕೊಳ್ಳುವ ಗೋಜಿಗೆ ಗುಮಾಸ್ತರು ಹೋಗಿರುವುದಿಲ್ಲ. ಒಂದನ್ನು ಸರಿ ಎಂದು ಇಟ್ಟುಕೊಂಡು ಉಳಿದದ್ದನ್ನು ಅಳಿಸಿದರೆ ಅಜ್ಜನನ್ನು ಹುಡುಕುವ ಮೊಮ್ಮಗಳಿಗೆ ಸಿಗುವುದಿಲ್ಲ. ಎಲ್ಲ ರೂಪಗಳನ್ನೂ ಇಡಬೇಕು. ಕೊಂದವರ ಹೆಸರಿನ ವಿಷಯದಲ್ಲಿ ನಾನು ನೇರನುಡಿಯವರ ಅರ್ಧ ಮಾತನ್ನು ಒಪ್ಪುತ್ತೇನೆ. ಕಡತದಲ್ಲಿರುವ ಹೆಸರು ಇರಲಿ. ಮೊಮ್ಮಕ್ಕಳ ವಿಳಾಸದವರೆಗೆ ಕೊಂಡಿ ಬೆಸೆಯುವುದು ಸಂಗ್ರಹದ ಕೆಲಸವಲ್ಲ.

ಕೋಲಾರದವಳು

ಎಲ್ಲರದ್ದೂ ಓದಿದೆ. ಅಟ್ಲಾಂಟಾದವರ ಬರಹ ಓದಿ ಗಂಟಲು ಕಟ್ಟಿತು. ಆದರೂ ಕೇಳುತ್ತೇನೆ, ಸಾವಿರಾರು ಮೈಲಿ ಆಚೆಯ ಹೆಸರುಗಳನ್ನು ಇಷ್ಟು ಜತನದಿಂದ ಬರೆಯುವ ನೀವು ಕಂಬಾಲಪಲ್ಲಿಯಲ್ಲಿ ಸತ್ತ ಏಳು ಜನರಲ್ಲಿ ಒಬ್ಬರ ಹೆಸರಾದರೂ ಹೇಳಬಲ್ಲಿರಾ? 2000ದ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆ. ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಇಟ್ಟರು. ಸಾಕ್ಷಿಗಳು ಪ್ರತಿಕೂಲರಾದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೊಂದವರು ಯಾರೂ ಅಲ್ಲ ಎಂದಾಯಿತು. ನಮ್ಮ ಜಿಲ್ಲೆಯವರಿಗೆ ಅಲಬಾಮಾ ಅರ್ಥವಾಗಲು ಪುಸ್ತಕ ಬೇಕಿಲ್ಲ.

ನೇರನುಡಿ

ಮೇಡಂ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಜನಾಂಗ ಬೇರೆ, ಜಾತಿ ಬೇರೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡೂ ಹಗುರವಾಗುತ್ತವೆ.

ಇತಿಹಾಸದ ಮೇಷ್ಟ್ರು

ಬೇರೆ ಎನ್ನುವುದನ್ನು ಒಪ್ಪುತ್ತೇನೆ. ಎಲ್ಲಿ ಬೇರೆ ಎಂದು ನೋಡಿದರೆ ಈ ಚರ್ಚೆಗೇ ಉಪಯೋಗ.

ಜಾರ್ಜಿಯಾದ ಲಾಗ್ರೇಂಜ್‌ನಲ್ಲಿ 1940ರಲ್ಲಿ ಆಸ್ಟಿನ್ ಕ್ಯಾಲವೇ ಎಂಬ ಹದಿಹರೆಯದ ಕಪ್ಪು ಯುವಕನನ್ನು ಪೊಲೀಸ್ ಲಾಕಪ್ಪಿನಿಂದಲೇ ಹೊರಗೆಳೆದು ಕೊಂದರು. ಎಷ್ಟೋ ವರ್ಷಗಳ ನಂತರ ಠಾಣೆಯ ಗೋಡೆಯ ಹಳೆಯ ಫೋಟೊ ನೋಡಿ ವೃದ್ಧೆಯೊಬ್ಬರು ಆಡಿದ ಮಾತು ಮುಖ್ಯಸ್ಥರ ಕಿವಿಗೆ ಬಿತ್ತು. ಕೆದಕಿ ನೋಡಿದರೆ ತನಿಖೆ ನಡೆದ ಗುರುತೇ ಇಲ್ಲ. 2017ರ ಜನವರಿಯಲ್ಲಿ ಪೊಲೀಸ್ ಮುಖ್ಯಸ್ಥ ಲೂಯಿ ಡೆಕ್ಮಾರ್ ಚರ್ಚೊಂದರಲ್ಲಿ ನಿಂತು ಇಲಾಖೆಯ ಪರವಾಗಿ ಕ್ಷಮೆ ಕೇಳಿದರು. ಅಲ್ಲಿ ಕಾಗದವೇ ಇಲ್ಲ, ಆದ್ದರಿಂದ ಹೀಗೊಬ್ಬ ಇದ್ದ, ಸತ್ತ ಎಂಬುದರಿಂದಲೇ ಸಂಗ್ರಹ ಶುರು ಮಾಡಬೇಕು.

ಕಂಬಾಲಪಲ್ಲಿಯಲ್ಲಿ ಕಾಗದ ರಾಶಿ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇತ್ತು, ಎಫ್‌ಐಆರ್ ಇತ್ತು, ದೋಷಾರೋಪಣ ಪಟ್ಟಿ ಇತ್ತು, ಸತ್ತವರ ಹೆಸರೆಲ್ಲ ಇದೆ. ಇಲ್ಲದಿರುವುದು ಸಾಕ್ಷಿಗಳು ಏಕೆ ತಿರುಗಿದರು ಎಂಬುದರ ದಾಖಲೆ. ಅದು ಯಾವ ಸರ್ಕಾರಿ ಕಪಾಟಿನಲ್ಲೂ ಸಿಗುವುದಿಲ್ಲ. ಬದುಕಿರುವವರು ಹೇಳಬೇಕು, ಅವರು ಹೇಳಲು ಧೈರ್ಯ ಬರುವಂತೆ ಕಾಪಾಡಬೇಕು.

ತುಂಗಾತೀರ

ಒಂದು ಕಹಿ ವಿಷಯವನ್ನು ನಾನೇ ಇಡಬೇಕು, ಇಲ್ಲದಿದ್ದರೆ ನಾವು ಕಾಗದದ ಮಹಿಮೆ ಹಾಡಿದಂತಾಗುತ್ತದೆ.

ಒಕ್ಲಹೋಮದ ಟಲ್ಸಾದಲ್ಲಿ ಕಪ್ಪುಜನರ ಗ್ರೀನ್‌ವುಡ್ ಬಡಾವಣೆಯನ್ನು 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಸುಟ್ಟಿತು. ಸಾವಿರಕ್ಕೂ ಹೆಚ್ಚು ಮನೆಗಳು ಬೂದಿ. ಸತ್ತವರು 36 ಎಂದು ಸರ್ಕಾರಿ ಲೆಕ್ಕ, ಮುನ್ನೂರರವರೆಗೂ ಇರಬಹುದು ಎಂದು ಇತಿಹಾಸಕಾರರು. ದಂಗೆಯಿಂದಾದ ನಷ್ಟಕ್ಕೆ ಹಣವಿಲ್ಲ ಎಂಬ ಷರತ್ತು ತೋರಿಸಿ ವಿಮಾ ಕಂಪನಿಗಳು ಕೈತೊಳೆದುಕೊಂಡವು. ಜನರನ್ನು ಕೆರಳಿಸಿದ ಟಲ್ಸಾ ಟ್ರಿಬ್ಯೂನ್ ಪತ್ರಿಕೆಯ ಆ ದಿನದ ಸಂಚಿಕೆಯನ್ನು ಮೈಕ್ರೋಫಿಲ್ಮ್ ಮಾಡುವ ಮೊದಲೇ ಮುಖಪುಟದ ಸುದ್ದಿಯನ್ನೂ ಸಂಪಾದಕೀಯದ ಭಾಗವನ್ನೂ ಯಾರೋ ಹರಿದು ತೆಗೆದಿದ್ದರು. ಕಾಗದಕ್ಕೆ ಬೆಲೆ ಇಲ್ಲ ಎನ್ನುವವರು ಆ ಹರಿದವನನ್ನು ಕೇಳಬೇಕು.

ಆದರೂ ಸಾಕ್ಷ್ಯ ಉಳಿಯಿತು. ಸುಟ್ಟ ಊರಿನಲ್ಲಿ ಡೇರೆ ಹಾಕಿ ವಕೀಲಿ ಮಾಡಿದ ಬಕ್ ಫ್ರಾಂಕ್ಲಿನ್ ಕಣ್ಣಾರೆ ಕಂಡದ್ದನ್ನು ಹತ್ತು ಪುಟಗಳಲ್ಲಿ ಟೈಪ್ ಮಾಡಿಟ್ಟಿದ್ದರು. ಅದು 2015ರಲ್ಲಿ ಬೆಳಕಿಗೆ ಬಂತು. ರಾಜ್ಯವೇ ನೇಮಿಸಿದ ಆಯೋಗ 2001ರಲ್ಲಿ ವರದಿ ಕೊಟ್ಟು ಪರಿಹಾರ ಕೊಡಿ ಎಂದಿತು. ಇಷ್ಟೆಲ್ಲ ಇದ್ದೂ, ಬದುಕುಳಿದಿದ್ದ ನೂರು ದಾಟಿದ ಇಬ್ಬರು ಮುದುಕಿಯರ ಮೊಕದ್ದಮೆಯನ್ನು ಒಕ್ಲಹೋಮ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ವಜಾ ಮಾಡಿತು.

ಇದಕ್ಕೆ ಎದುರಾಗಿ ಫ್ಲೋರಿಡಾ ನೋಡಿ. 1923ರಲ್ಲಿ ರೋಸ್‌ವುಡ್ ಎಂಬ ಕಪ್ಪುಜನರ ಹಳ್ಳಿಯನ್ನು ಸುಟ್ಟಿದ್ದರು. 1993ರಲ್ಲಿ ಶಾಸನಸಭೆ ಇತಿಹಾಸಕಾರರಿಂದ ವರದಿ ಬರೆಸಿತು. 1994ರಲ್ಲಿ ಸುಮಾರು 21 ಲಕ್ಷ ಡಾಲರ್ ಪರಿಹಾರದ ಕಾಯ್ದೆಯಾಯಿತು, ಬದುಕುಳಿದವರಿಗೆ ತಲಾ ಒಂದೂವರೆ ಲಕ್ಷ ಡಾಲರ್ ಸಿಕ್ಕಿತು. ಎರಡೂ ಕಡೆ ಕಡತ ಗಟ್ಟಿಯಾಗಿತ್ತು. ಒಂದು ಕಡೆ ಶಾಸಕರು ಪರವಾಗಿ ಮತ ಹಾಕಿದರು, ಇನ್ನೊಂದು ಕಡೆ ಕೋರ್ಟಿನ ಮೆಟ್ಟಿಲಲ್ಲೇ ನಿಂತಿತು.

ನೇರನುಡಿ

ಅಂದರೆ ನಾನು ಹೇಳಿದ್ದೇ ಆಯಿತಲ್ಲ. ಅಧಿಕಾರದಲ್ಲಿರುವವರಿಗೆ ಮನಸ್ಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಳೇ ಶಿರಸ್ತೇದಾರ

ಮನಸ್ಸು ಬಂದ ದಿನ ಕಡತ ಇಲ್ಲದಿದ್ದರೆ? ಸೌತ್ ಕೆರೊಲಿನಾದಲ್ಲಿ 1944ರಲ್ಲಿ ಜಾರ್ಜ್ ಸ್ಟಿನ್ನಿ ಎಂಬ 14 ವರ್ಷದ ಕಪ್ಪು ಹುಡುಗನನ್ನು ಕೊಲೆಯ ಆರೋಪದ ಮೇಲೆ ವಿದ್ಯುತ್ ಕುರ್ಚಿಗೆ ಹಾಕಿದರು. ವಿಚಾರಣೆ ಒಂದೇ ದಿನ, ಜ್ಯೂರಿಗೆ ಹಿಡಿದದ್ದು ಹತ್ತು ನಿಮಿಷ. 70 ವರ್ಷಗಳ ನಂತರ, 2014ರ ಡಿಸೆಂಬರ್‌ನಲ್ಲಿ, ನ್ಯಾಯಾಧೀಶೆಯೊಬ್ಬರು ಆ ತೀರ್ಪನ್ನು ರದ್ದು ಮಾಡಿದರು. ಉಳಿದಿದ್ದ ಕಾಗದ ಅತ್ಯಲ್ಪ. ಒಡಹುಟ್ಟಿದವರು ಬದುಕಿದ್ದು ಹೇಳಿಕೆ ಕೊಟ್ಟದ್ದರಿಂದ ಮೊಕದ್ದಮೆ ನಿಂತಿತು. ಹತ್ತು ವರ್ಷ ತಡವಾಗಿದ್ದರೆ ಕೇಳುವವರೂ ಇರುತ್ತಿರಲಿಲ್ಲ, ಹೇಳುವವರೂ ಇರುತ್ತಿರಲಿಲ್ಲ.

ಕೋಲಾರದವಳು

ಶಿರಸ್ತೇದಾರ್ ಸರ್, ನಮ್ಮ ಕಡೆಯ ಕೆಲವು ಹಳೆಯ ಪ್ರಕರಣಗಳ ಕಾಗದ ಸಂಗ್ರಹಿಸಬೇಕೆಂದು ನಾವು ಕೆಲವರು ಮಾತಾಡಿಕೊಳ್ಳುತ್ತಿದ್ದೇವೆ. ನಮ್ಮಲ್ಲಿ ವಕೀಲರು ಯಾರೂ ಇಲ್ಲ. ಮೊದಲು ಯಾವ ಕಾಗದ ಕೇಳಬೇಕು?

ಹಳೇ ಶಿರಸ್ತೇದಾರ

ತಾಯಿ, ತೀರ್ಪಿನ ಹಿಂದೆ ಮೊದಲೇ ಓಡಬೇಡಿ. ತೀರ್ಪು ಹೇಗಾದರೂ ಸಿಗುತ್ತದೆ. ಮೊದಲು ಹೋಗುವುದು ಉಳಿದ ಕಾಗದ, ಏಕೆಂದರೆ ಮುಗಿದ ಪ್ರಕರಣದ ಕಡತಗಳನ್ನು ಇಷ್ಟು ವರ್ಷವಾದ ಮೇಲೆ ನಾಶ ಮಾಡಬಹುದು ಎಂದು ನಿಯಮವೇ ಇದೆ. ಸಾಕ್ಷಿಗಳು ಕೋರ್ಟಿನಲ್ಲಿ ಕೊಟ್ಟ ಹೇಳಿಕೆಗಳು, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ದೋಷಾರೋಪಣ ಪಟ್ಟಿ, ಇವುಗಳ ದೃಢೀಕೃತ ನಕಲಿಗೆ ನಕಲು ಶಾಖೆಯಲ್ಲಿ ಅರ್ಜಿ ಹಾಕಿ. ಪ್ರಕರಣದ ಸಂಖ್ಯೆ, ವರ್ಷ ಸರಿಯಾಗಿರಲಿ. ನೀವು ಪ್ರಕರಣದ ಪಕ್ಷಗಾರರಲ್ಲದ್ದರಿಂದ ಯಾಕೆ ಬೇಕು ಎಂದು ಅಫಿಡವಿಟ್ ಹಾಕಬೇಕಾಗುತ್ತದೆ. ಸತ್ತವರ ಮನೆಯವರೇ ಅರ್ಜಿ ಹಾಕಿದರೆ ಇನ್ನೂ ಸುಲಭ, ಅವರನ್ನು ಮುಂದಿಟ್ಟುಕೊಂಡೇ ಮಾಡಿ.

ಗಣಕಿಗ

ನಕಲು ಕೈಗೆ ಬಂದ ಮೇಲೆ ಸ್ಕ್ಯಾನ್ ಮಾಡಿ ಜೋಡಿಸುವ ಕೆಲಸ ನನ್ನದು. ಯಾವುದನ್ನು ಎಲ್ಲರಿಗೂ ತೋರಿಸುವುದು, ಯಾವುದನ್ನು ಬೀಗ ಹಾಕಿಡುವುದು ಎಂಬುದನ್ನು ಮಾತ್ರ ಆ ಮನೆಯವರು ಹೇಳಲಿ. ಬದುಕಿರುವ ಸಾಕ್ಷಿಗಳ ಹೆಸರನ್ನು ಈಗಲೇ ಎಲ್ಲೂ ಬರೆಯಬೇಡಿ, ಇಲ್ಲಿಯೂ ಸಹ.

ಕೋಲಾರದವಳು

ಆಯಿತು. ಸೋಮವಾರ ಒಬ್ಬರ ಮನೆಗೆ ಹೋಗಿ ಕೇಳುತ್ತೇವೆ, ಅವರು ಒಪ್ಪಿದರೆ ಅರ್ಜಿ. ಒಪ್ಪದಿದ್ದರೆ ಬಿಡುತ್ತೇವೆ.